ತಿಂಗಳ ಬಾಡಿಗೆಯೂ ತೆರವಿನ ನೋಟಿಸೂ

ಹನ್ನೊಂದು ತಿಂಗಳ ಕರಾರುಪತ್ರದ ಅವಧಿ ಮುಗಿದ ಮೇಲೂ ಬಾಡಿಗೆದಾರನು ಮನೆಯಲ್ಲೇ ಉಳಿದು, ಮಾಲೀಕನು ಬಾಡಿಗೆ ಪಡೆಯುತ್ತ ಹೋದರೆ, ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆಯಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದಡಿ ಇದನ್ನು ಕೊನೆಗಾಣಿಸಲು ಮಾಲೀಕನು ಕಾರಣ ಹೇಳಬೇಕಾಗಿಲ್ಲವಾದರೂ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 106ನೆಯ ಕಲಮಿನಂತೆ ಸಹಿಯುಳ್ಳ ಲಿಖಿತ ನೋಟಿಸನ್ನು 15 ದಿನ ಮೊದಲೇ ಕೊಡಬೇಕು; ಬಾಗಿಲಲ್ಲಿ ನಿಂತು ಗದರಿದ ಮಾತು ನೋಟಿಸೆನಿಸದು. ದಿನಗಳ ಎಣಿಕೆ ಕಾಗದದ ಮೇಲಿನ ತಾರೀಖಿನಿಂದಲ್ಲ, ಅದು ಬಾಡಿಗೆದಾರನ ಕೈಸೇರಿದಂದಿನಿಂದ.

ಗಡುವು ತೀರಿತೆಂದರೆ ಬಾಡಿಗೆಯ ಒಪ್ಪಂದ ತೀರಿತೆಂದಷ್ಟೇ ಅರ್ಥ, ಸಾಮಾನನ್ನು ಬೀದಿಗೆಸೆದು ಬೀಗ ಬದಲಿಸುವ ಅಧಿಕಾರ ಬಂದಿತೆಂದಲ್ಲ. ಬಾಡಿಗೆದಾರನು ತಾನಾಗಿ ತೆರವು ಮಾಡದಿದ್ದರೆ ಮಾಲೀಕನು ದಾವೆ ಹೂಡಿ ಡಿಕ್ರಿ, ಅಂದರೆ ನ್ಯಾಯಾಲಯದ ತೀರ್ಪಿನ ಆಜ್ಞೆ, ಪಡೆಯಬೇಕು. ಬಲವಂತದಿಂದ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮಿನಡಿ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಮನೆ ಯಾರ ಹೆಸರಿನಲ್ಲಿದೆಯೆಂಬ ಪ್ರಶ್ನೆ ಅಲ್ಲಿ ಮುಖ್ಯವಲ್ಲ.

ತಕ್ಕ ಕಾರಣವಿಲ್ಲದೆ ತೆರವು ಮಾಡಿಸಬಾರದೆನ್ನುವ 1999ರ ಕರ್ನಾಟಕ ಬಾಡಿಗೆ ಅಧಿನಿಯಮವು ಇನ್ನೂ ಬಲವಾದ ರಕ್ಷಣೆಯೇ ಹೌದು. ಆದರೆ ದೊಡ್ಡ ನಗರಗಳಲ್ಲಿ ಅದು ತಿಂಗಳ ಬಾಡಿಗೆ 3,500 ರೂಪಾಯಿ ಮೀರದ ಮನೆಗಳಿಗಷ್ಟೇ ಅನ್ವಯಿಸುತ್ತದೆ. ಬೆಂಗಳೂರಿನಲ್ಲಿ ಇಂದು ಆ ದರಕ್ಕೆ ಒಂದು ಕೋಣೆಯೂ ದುರ್ಲಭ.