ಹಳೇ ಯೆಜ್ಡಿ ದಾರಿಯಲ್ಲಿ ಮುನಿಸಿಕೊಂಡರೆ...

"ಏನೂಂದ್ರೆ, ಗಾಡಿ ಯಾಕೆ ನಿಂತ್ಹೋಯ್ತು?"

"ಸುಮ್ನಿರು ಮಾರಾಯ್ತಿ, ಕರೆಂಟಿನ ತೊಂದರೆ. ನಿನಗೇನು ಗೊತ್ತಾಗುತ್ತೆ!"

ಮದುವೆಗೋ ಜಾತ್ರೆಗೋ ಹೊರಟ ದಾರಿಯಲ್ಲಿ ಈ ಮಾತು ಕೇಳದ ಗೃಹಿಣಿಯರು ಕಡಿಮೆ. ಆದರೆ ಇಸ್ತ್ರಿ ಪೆಟ್ಟಿಗೆಯ ವೈರು ಸುಟ್ಟ ವಾಸನೆಯನ್ನು ಮನೆಯಲ್ಲಿ ಮೊದಲು ಹಿಡಿಯುವುದು ನಮ್ಮ ಮೂಗೇ ಅಲ್ಲವೇ? ಮಿಕ್ಸಿ ತಿರುಗದಿದ್ದರೆ ಪ್ಲಗ್ಗು ಸಡಿಲವೋ, ಸ್ವಿಚ್ಚು ಕೆಟ್ಟಿದೆಯೋ ಎಂದು ನೋಡುವವರೂ ನಾವೇ. ಮೋಟಾರ್ ಸೈಕಲ್ಲಿನ ಕರೆಂಟು ಅದಕ್ಕಿಂತ ದೊಡ್ಡ ಬ್ರಹ್ಮವಿದ್ಯೆಯೇನಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನ ಗಾಡಿಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಮಾವನವರ ಕಾಲದ ಗಾಡಿಯನ್ನು ಮಾರಲು ಮನಸ್ಸು ಬಾರದೆ ಒರೆಸಿ ಇಟ್ಟುಕೊಂಡ ಮನೆಗಳು ಇಂದಿಗೂ ಉಂಟು. ಎಂಜಿನ್ನು ಗಟ್ಟಿ. ಮುನಿಸೆಲ್ಲ ಹೆಚ್ಚಾಗಿ ಹಳೆಯ ವೈರುಗಳದ್ದು.

ತೊಟ್ಟಿ ಮತ್ತು ನಲ್ಲಿ

ಬ್ಯಾಟರಿಯನ್ನು ಬಚ್ಚಲುಮನೆಯ ತೊಟ್ಟಿ ಎಂದುಕೊಳ್ಳಿ. ಡೈನಮೋ ಅದನ್ನು ತುಂಬಿಸುವ ನಲ್ಲಿ. ಎಂಜಿನ್ನಿನ ಕಿಡಿ, ಹಾರ್ನು, ದೀಪ ಎಲ್ಲಕ್ಕೂ ಕರೆಂಟು ಈ ತೊಟ್ಟಿಯಿಂದಲೇ. ಕೀ ಹಾಕಿದಾಗ ಹೊತ್ತುವ ಕೆಂಪು ದೀಪವಿದೆಯಲ್ಲ, ಗಾಡಿ ವೇಗ ಹಿಡಿದ ಮೇಲೆ ಅದು ಆರಬೇಕು. ಓಡುವಾಗಲೂ ಉರಿಯುತ್ತಿದ್ದರೆ ನಲ್ಲಿ ನಿಂತಿದೆ ಎಂದರ್ಥ. ಹಳೆಯ ಬುಲೆಟ್ಟಿನಲ್ಲಾದರೆ ಆಮೀಟರಿನ ಮುಳ್ಳು ಈ ಸುದ್ದಿ ಹೇಳುತ್ತದೆ.

ಆಗ ಗಾಬರಿ ಬೇಡ. ತೊಟ್ಟಿಯಲ್ಲಿ ಉಳಿದ ನೀರಿನಲ್ಲೇ ಸ್ವಲ್ಪ ದೂರ ಹೋಗಬಹುದು. ಹಗಲಾದರೆ ಹೆಡ್‌ಲೈಟು ಆರಿಸಿ, ಹಾರ್ನು ಮಿತವಾಗಿ ಬಳಸಿ, ಹತ್ತಿರದ ಊರು ಸೇರಿಕೊಳ್ಳಿ. 6 ವೋಲ್ಟಿನ ಗಾಡಿಯಲ್ಲಿ 35 ವ್ಯಾಟಿನ ಬಲ್ಬೊಂದೇ ಸುಮಾರು 6 ಆಂಪಿಯರ್ ಕುಡಿಯುತ್ತದೆ. ನಿಂತ ಗಾಡಿಯಲ್ಲಿ ಕೀ ಆನ್ ಇಟ್ಟು ಮಾತಾಡುತ್ತಾ ನಿಲ್ಲಬಾರದು. ಬ್ಯಾಟರಿ ಇಳಿಯುತ್ತದೆ, ಕಾಯಿಲೂ ಬಿಸಿಯಾಗುತ್ತದೆ.

ಯಾವ ಲಕ್ಷಣಕ್ಕೆ ಯಾವ ಮದ್ದು?

ಮೊದಲು ಪೆಟ್ರೋಲು ನೋಡಿ. ಟ್ಯಾಂಕ್ ಬರಿದಾಗಿದ್ದರೂ ಕರೆಂಟನ್ನು ಬೈಯುವವರಿದ್ದಾರೆ! ಆಮೇಲೆ ಹಾರ್ನು ಒತ್ತಿ ನೋಡಿ.

ಹಾರ್ನೂ ಇಲ್ಲ, ದೀಪವೂ ಇಲ್ಲ: ಫ್ಯೂಸು ಹೋಗಿರಬಹುದು, ಇಲ್ಲವೆ ಬ್ಯಾಟರಿಯ ತುದಿಯ ವೈರು ಸಡಿಲವಾಗಿರಬಹುದು. ವೈರನ್ನು ಬಿಗಿ ಮಾಡಿದರೆ ಎಷ್ಟೋ ಸಲ ಗಾಡಿಗೆ ಜೀವ ಬರುತ್ತದೆ.

ಹಾರ್ನು ಜೋರಾಗಿದೆ, ಎಂಜಿನ್ನು ಮಾತ್ರ ಏಳುವುದಿಲ್ಲ: ಪ್ಲಗ್ಗು ಬಿಚ್ಚಿ ನೋಡಿ. ಪೆಟ್ರೋಲಿಗೆ ಎಣ್ಣೆ ಬೆರೆಸುವ ಗಾಡಿಯಾದ್ದರಿಂದ ಅದರ ತುದಿ ಮಸಿ ಹಿಡಿದು ಒದ್ದೆಯಾಗಿರುವುದು ಸಾಮಾನ್ಯ. ಒರೆಸಿ, ಮರಳು ಕಾಗದದಿಂದ ಉಜ್ಜಿ, ಹುಡಿಯನ್ನು ಚೆನ್ನಾಗಿ ಕೊಡವಿ ಹಾಕಿ. ಹೊಸ ಪ್ಲಗ್ಗಿದ್ದರೆ ಇನ್ನೂ ಒಳ್ಳೆಯದು. ಆಗಲೂ ಏಳದಿದ್ದರೆ ಬಲಬದಿಯ ಮುಚ್ಚಳದೊಳಗಿನ ಪಾಯಿಂಟ್ ನೋಡಬೇಕು. ಶುಚಿಯಾದ ಕಾಗದದ ಚೂರನ್ನು ಅದರ ನಡುವೆ ಎಳೆದರೆ ಜಿಡ್ಡು ಹೋಗುತ್ತದೆ. ಅದು ತೆರೆದಾಗ ಸುಮಾರು 0.4 ಮಿಲಿಮೀಟರ್ ಸಂದು ಇರಬೇಕು.

ಅರ್ಧ ಗಂಟೆ ಓಡಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಏಳುತ್ತದೆ: ಕಾಯಿಲ್ ಅಥವಾ ಕಂಡೆನ್ಸರ್ ದುರ್ಬಲವಾಗಿರಬಹುದು. ದಾರಿಯಲ್ಲಿ ಇದಕ್ಕೆ ವಿಶ್ರಾಂತಿಯೇ ಔಷಧಿ. ಊರು ಸೇರಿದ ಮೇಲೆ ಮೆಕ್ಯಾನಿಕ್ಕಿಗೆ ಇದೇ ಲಕ್ಷಣ ಹೇಳಿ.

ಮಳೆಯಲ್ಲಿ ನಿಂತಿತು: ಪ್ಲಗ್ಗಿನ ಟೋಪಿ, ಅದಕ್ಕೆ ಬರುವ ದಪ್ಪ ವೈರು ಎರಡನ್ನೂ ಒಣ ಬಟ್ಟೆಯಿಂದ ಒರೆಸಿ. ಎಷ್ಟೋ ಬಾರಿ ಇಷ್ಟೇ ಸಾಕು.

ಫ್ಯೂಸಿಗೆ ತಾಮ್ರದ ತಂತಿ ಬೇಡವೇ ಬೇಡ!

ಫ್ಯೂಸು ಹೋದಾಗ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನೋ ತಾಮ್ರದ ತಂತಿಯನ್ನೋ ಸುತ್ತಿ "ನಡೀತದೆ ಬಿಡು" ಎನ್ನುವವರನ್ನು ದಯವಿಟ್ಟು ತಡೆಯಿರಿ. ಎಲ್ಲೋ ವೈರಿನ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗಿದೆ ಎಂದು ಫ್ಯೂಸು ಎಚ್ಚರಿಸುತ್ತಿದೆ. ಅದರ ಬಾಯಿ ಮುಚ್ಚಿಸಿದರೆ ವೈರೇ ಕಾದು ಹೊತ್ತಿಕೊಳ್ಳಬಹುದು. ಆ ವೈರುಗಳು ಹಾದುಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲೇ. ಮಗುವನ್ನು ಅದರ ಮೇಲೆಯೇ ಕೂರಿಸುತ್ತೇವೆ ಎಂಬುದು ನೆನಪಿರಲಿ. ಹ್ಯಾಂಡಲ್ ತಿರುಗಿಸುವ ಜಾಗದಲ್ಲಿ ವೈರು ಬೇಗ ಸವೆಯುತ್ತದೆ. ಅಲ್ಲಿ ಹುಡುಕಿ, ಟೇಪು ಸುತ್ತಿ, ಅಷ್ಟೇ ಆಂಪಿಯರಿನ ಹೊಸ ಫ್ಯೂಸು ಹಾಕಿಸಿ.

ಕತ್ತಲಾದರೆ

ಓಡುವಾಗ ಹೆಡ್‌ಲೈಟು ಆರಿದರೆ ಕೂಡಲೇ ಡಿಪ್ ಸ್ವಿಚ್ಚು ಬದಲಿಸಲು ಹೇಳಿ. ಒಂದೇ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ. ಒಂದು ಸುಟ್ಟರೂ ಇನ್ನೊಂದು ಉರಿಯಬಹುದು. ಇಲ್ಲವಾದರೆ ನಿಧಾನಿಸಿ, ಎಡಕ್ಕೆ ಸರಿದು, ರಸ್ತೆಯಿಂದ ಪೂರಾ ಆಚೆ ನಿಲ್ಲಿಸಿ. ಹಿಂದಿನಿಂದ ಬರುವ ಲಾರಿಗೆ ಕಾಣುವಂತೆ ಟಾರ್ಚು ಹಿಡಿಯಿರಿ.

ಘಾಟಿ ದಾರಿಯಲ್ಲಿ ಇನ್ನಷ್ಟು ಎಚ್ಚರ ಬೇಕು. ಚಾರ್ಮಾಡಿಯತ್ತ ಹೊರಟು ಕೊಟ್ಟಿಗೆಹಾರದಲ್ಲೇ ಕೆಂಪು ದೀಪ ಕಂಡರೆ, ಸಂಜೆಯ ಹೊತ್ತಿನಲ್ಲಿ "ಇಳಿಜಾರು ತಾನೆ, ಉಜಿರೆಗೆ ಹೋಗಿ ನೋಡೋಣ" ಎಂದು ಇಳಿಯಬೇಡಿ. ಆ ತಿರುವುಗಳಲ್ಲಿ, ಮಂಜಿನಲ್ಲಿ, ದೀಪವಿಲ್ಲದ ಗಾಡಿ ಎಂದರೆ ಪ್ರಾಣದೊಡನೆ ಆಟ. ಒಂದು ರಾತ್ರಿ ತಡವಾದರೆ ಯಾರ ಮದುವೆಯೂ ನಿಲ್ಲುವುದಿಲ್ಲ.

ಇಪ್ಪತ್ತು ನಿಮಿಷ ಪ್ರಯತ್ನಿಸಿಯೂ ಆಗದಿದ್ದರೆ ಗಾಡಿಗೆ ಬೀಗ ಹಾಕಿ, ಬಸ್ಸು ಹಿಡಿಯಿರಿ. ನಿರ್ಜನ ಜಾಗದಲ್ಲಿ ಭಯವೆನಿಸಿದರೆ 112ಕ್ಕೆ ಫೋನು ಮಾಡಿ. ಈ ಮಾತನ್ನು ಹೊರಡುವ ಮುನ್ನವೇ ಯಜಮಾನರೊಡನೆ ಆಡಿಕೊಳ್ಳಿ. ದಾರಿ ಮಧ್ಯೆ ಹೇಳಿದರೆ ಜಗಳವಾಗುತ್ತದೆ!

ನೀವೇ ಹೊಲಿಯಬಹುದಾದ ಚೀಲ

ಹಳೆಯ ಪ್ಯಾಂಟಿನ ದಪ್ಪ ಬಟ್ಟೆಯಲ್ಲಿ ಒಂದು ಪುಟ್ಟ ಚೀಲ ಹೊಲಿಯಿರಿ. ಅದರಲ್ಲಿರಲಿ: ಒಂದು ಪ್ಲಗ್ಗು ಮತ್ತು ಪ್ಲಗ್ ಸ್ಪ್ಯಾನರು, ಎರಡು ಫ್ಯೂಸು, ಇನ್ಸುಲೇಷನ್ ಟೇಪು, ಸ್ಕ್ರೂ ಡ್ರೈವರು, ಮರಳು ಕಾಗದದ ಚೂರು, ಮೊಳದುದ್ದ ವೈರು, ಟಾರ್ಚು, ಒಣ ಬಟ್ಟೆ, ಒಂದು ಹೆಡ್‌ಲೈಟ್ ಬಲ್ಬು. ಬಲ್ಬು ಕೊಳ್ಳುವಾಗ ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ಕೇಳಿಕೊಳ್ಳಿ. 12ರ ಬಲ್ಬು 6ರ ಗಾಡಿಯಲ್ಲಿ ಮಿಣಿಮಿಣಿ ಎನ್ನುತ್ತದೆ. 6ರ ಬಲ್ಬು 12ರ ಗಾಡಿಯಲ್ಲಿ ಸುಟ್ಟೇ ಹೋಗುತ್ತದೆ.

ಅಡುಗೆ ಸೋಡದ ಉಪಯೋಗ

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಹುಡಿ ಕೂತಿದ್ದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಬೆರೆಸಿ, ಬಿಚ್ಚಿದ ತುದಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಸೋಡದ ನೀರು ಬ್ಯಾಟರಿಯೊಳಗೆ ಹೋಗಬಾರದು. ಒರೆಸಿ, ಒಣಗಿಸಿ, ವೈರು ಬಿಗಿದ ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿಗೆ ತುಂಬುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರಲ್ಲ. ಒಳಗಿರುವುದು ಆಸಿಡ್. ಆದ್ದರಿಂದ ಒಳ್ಳೆಯ ಸೀರೆ ಉಟ್ಟು ಈ ಕೆಲಸಕ್ಕೆ ಕೂರಬೇಡಿ, ಮಕ್ಕಳನ್ನೂ ದೂರವಿಡಿ.

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಬಾರದು ಎನ್ನುತ್ತಾರೆ. ಮುಂದಿನ ಭಾನುವಾರ ತಿಂಡಿಯಾದ ಮೇಲೆ ಯಜಮಾನರನ್ನು ಅಂಗಳಕ್ಕೆ ಕರೆದು, "ಫ್ಯೂಸು ಎಲ್ಲಿದೆ, ಒಂದ್ಸಲ ತೋರಿಸ್ರೀ" ಎಂದು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ, ಇಬ್ಬರೂ ಸೇರಿ ಹುಡುಕಿ!