ಐವತ್ತು ರೂಪಾಯಿಯ ದನಿ

ಬಲಗೈ ಊಟಕ್ಕೆ, ಎಡಗೈ ಮಾತಿಗೆ. ಏಜೆಂಟ್ ಮಾವ ತಮ್ಮ ಎರಡು ಕೈಗಳಿಗೆ ಹಂಚಿಕೊಟ್ಟಿರುವ ಕೆಲಸ ಇದು. ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಮುಂದಿಟ್ಟುಕೊಂಡು ಕೂತವರು ನನ್ನನ್ನು ಕಂಡ ಕೂಡಲೇ ಹೆಗಲ ಟವೆಲ್ಲನ್ನು ಎಡಗೈಯಲ್ಲಿ ಸರಿಸಿದರು. ಕತ್ತಿನ ಬುಡದಲ್ಲಿ, ಅಂಗಿಯ ಮೊದಲ ಗುಂಡಿಗಿಂತ ತುಸು ಮೇಲೆ, ನಾಲ್ಕಾಣೆ ಅಗಲದ ಒಂದು ತೂತು. ಅದರ ಮೇಲೆ ಹೆಬ್ಬೆರಳು ಒತ್ತಿ, "ಯಾವಾಗ್ ಬಂದ್ಯಪ್ಪಾ?" ಎಂದರು. ದನಿ ಗೊಗ್ಗರಾಗಿತ್ತು, ಕೆಳಗಿನಿಂದೆಲ್ಲೋ ಎದ್ದು ಬಂದಂತಿತ್ತು. ಆದರೆ ಹೊನ್ನಾಳಿ ಸೀಮೆಯ ಆ ಎಳೆತ ಹಾಗೇ ಇತ್ತು. ಬೆರಳು ತೆಗೆದ ಕೂಡಲೇ ಉಸ್ಸೆಂದು ಗಾಳಿ ಹೊರಬಿತ್ತು. ಮಾತು ಅಲ್ಲಿಗೆ ನಿಂತಿತು.

ಈ ಮನುಷ್ಯನ ಅನ್ನ ಹುಟ್ಟಿದ್ದೇ ದನಿಯಿಂದ. ನಮ್ಮ ಕಡೆಯ ಒಂದು ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕೂಗಿ ಹತ್ತಿಸುವ ಏಜೆಂಟರಾಗಿದ್ದರು. "ನ್ಯಾಮತಿ, ಸುರಹೊನ್ನೆ, ಸವಳಂಗ, ಶಿಕಾರಿಪುರ, ಯಾರ್ರೀ ಶಿಕಾರಿಪುರಾ!" ಎಂದು ಒಂದೇ ಉಸಿರಿಗೆ ಹೇಳಿ, ಕೊನೆಯ ಊರನ್ನು ಎಳೆದು ಬಿಡುತ್ತಿದ್ದರೆ ಚನ್ನಗಿರಿಗೆ ಹೊರಟವರೂ ಒಮ್ಮೆ ತಿರುಗಿ ನೋಡಬೇಕು. ಶಾಲೆಗೆ ಹೋಗುವ ಹುಡುಗರಾದ ನಾವು ಆ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ್ದೆವು. ಬಸ್ಸಿಗೂ ಬಸ್ಸಿಗೂ ನಡುವೆ ಅವರಿಗೆ ಒಂದು ಬೀಡಿ ಬೇಕು. ಹೀಗೆ ಮೂವತ್ತು ಚಿಲ್ಲರೆ ವರ್ಷ. ಒಂದು ಸಲ ದನಿ ಒಡೆಯಿತು, ಶೀತ ಎಂದುಕೊಂಡರು. ಜ್ಯೇಷ್ಠಮಧು ಅಗಿದರು, ಮೆಣಸಿನ ಕಷಾಯ ಕುಡಿದರು. ಹಬ್ಬ ಕಳೆಯಲಿ, ಕೊಯ್ಲು ಮುಗಿಯಲಿ ಎಂದು ದಿನ ದೂಡಿದರು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು.

ವೈದ್ಯರು ಮತ್ತು ಎಂಜಿನಿಯರುಗಳು ಕೂಡಿ ಮಾಡುವ ಸಾಧನಗಳ ಬಗ್ಗೆ ಬರೆಯಲು ಹೊರಟ ನಾನು ಇವರ ಮನೆಯ ಜಗಲಿಯಲ್ಲಿ ಬಂದು ಕೂತದ್ದಕ್ಕೆ ಕಾರಣ ಆ ತೂತಿನೊಳಗಿದೆ. ಒಳಗೊಂದು ಸಿಲಿಕೋನಿನ ಕೊಳವೆ ಕೂತಿದೆ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ ಇರಬಹುದು.

ಸೈಕಲ್ ಟ್ಯೂಬಿನ ಪಾಠ

ಇದು ಕೆಲಸ ಮಾಡುವ ಬಗೆಯನ್ನು ನನಗೆ ತಿಳಿಸಿದವರು ಮಾವನೇ. "ಸೈಕಲ್ ಟ್ಯೂಬಿಗೆ ವಾಲ್ ಟ್ಯೂಬ್ ಹಾಕ್ತಾರಲ್ಲ, ಹಂಗೆ" ಎಂದರು. ಪಂಪು ಹೊಡೆದರೆ ಗಾಳಿ ಒಳಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು.

ಧ್ವನಿಪೆಟ್ಟಿಗೆ ತೆಗೆದ ಮೇಲೆ ಶ್ವಾಸನಾಳದ ತುದಿಯನ್ನು ಕತ್ತಿನ ಮುಂಭಾಗಕ್ಕೆ ತಂದು ಹೊಲಿಯುತ್ತಾರೆ. ಅಲ್ಲಿಂದ ಮುಂದೆ ಉಸಿರಾಟವೆಲ್ಲ ಆ ತೂತಿನಿಂದಲೇ. ಮೂಗು, ಬಾಯಿಗೆ ಶ್ವಾಸಕೋಶದ ಸಂಬಂಧ ಕಡಿದುಹೋಗುತ್ತದೆ. ಗಾಳಿಯೇ ಬಾಯಿಗೆ ಬರದಿದ್ದರೆ ಮಾತೆಲ್ಲಿಂದ? ಅದಕ್ಕೆ ಶ್ವಾಸನಾಳಕ್ಕೂ ಅದರ ಹಿಂದಿರುವ ಅನ್ನನಾಳಕ್ಕೂ ನಡುವೆ ಸಣ್ಣ ಕಂಡಿ ಕೊರೆದು ಈ ಕವಾಟ ಕೂರಿಸುತ್ತಾರೆ. ಹೆಬ್ಬೆರಳಿನಿಂದ ಕತ್ತಿನ ತೂತು ಮುಚ್ಚಿದರೆ ಶ್ವಾಸಕೋಶದ ಗಾಳಿ ಬೇರೆ ದಾರಿಯಿಲ್ಲದೆ ಕವಾಟದೊಳಗಿಂದ ಅನ್ನನಾಳಕ್ಕೆ ನುಗ್ಗುತ್ತದೆ. ಅಲ್ಲಿನ ಗೋಡೆಗಳು ಅದುರಿ ಸದ್ದಾಗುತ್ತದೆ. ನಾಲಿಗೆ, ತುಟಿ, ಹಲ್ಲು ಆ ಸದ್ದನ್ನು ಮಾತಾಗಿ ಮಾಡುತ್ತವೆ. ಕವಾಟಕ್ಕೆ ಸ್ವಂತ ದನಿಯಿಲ್ಲ. ಅದು ಬಾಗಿಲು ಕಾಯುವ ಆಳು ಮಾತ್ರ: ಗಾಳಿ ಹೋಗಲಿ, ಅನ್ನ ನೀರು ಇತ್ತ ಬಾರದಿರಲಿ.

ಈ ಆಳಿಗೆ ಸಂಬಳ ಜಾಸ್ತಿ. ಹೊರದೇಶದಿಂದ ಬರುವ ಕವಾಟಗಳಿಗೆ ನಮ್ಮಲ್ಲಿ 15,000ದಿಂದ 30,000 ರೂಪಾಯಿ ತನಕ ಬೆಲೆಯಿತ್ತು. ಸಾಲದ್ದಕ್ಕೆ ಅದು ಬಾಳಿಕೆಯ ವಸ್ತುವೂ ಅಲ್ಲ. ಬಾಯಿಯ ಎಂಜಲಿನೊಂದಿಗೆ ಬರುವ ಶಿಲೀಂಧ್ರ ಸಿಲಿಕೋನಿನ ಮೇಲೆ ಪಾಚಿಯಂತೆ ಕಟ್ಟಿ, ಬಾಗಿಲು ಸರಿಯಾಗಿ ಮುಚ್ಚದಂತಾಗುತ್ತದೆ. ಆಗ ಟೀ ಕುಡಿದರೆ ಹನಿ ಶ್ವಾಸನಾಳಕ್ಕೆ ಸೋರಿ ಕೆಮ್ಮು ಬರುತ್ತದೆ. ಮಾವ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು, ಕಾಡಿಗೆ ಕಡ್ಡಿಯಷ್ಟು ತೆಳುವಾದ ಬ್ರಷ್ಷನ್ನು ಕತ್ತಿನೊಳಗೆ ಬಿಟ್ಟು ನಿಧಾನಕ್ಕೆ ತಿರುಗಿಸುತ್ತಾರೆ. ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಅವರನ್ನು ಮಾತಾಡಿಸುವುದಿಲ್ಲ. ಎಷ್ಟು ಜೋಪಾನ ಮಾಡಿದರೂ ಒಂದು ದಿನ ಬದಲಿಸಲೇಬೇಕು.

ಅವರ ಮೊದಲ ಕವಾಟಕ್ಕೆ ಬಸ್ ಮಾಲೀಕರು, ಡ್ರೈವರ್, ಕಂಡಕ್ಟರುಗಳು ಸೇರಿ ವಂತಿಗೆ ಎತ್ತಿದ್ದರು. ಅದು ಸೋರತೊಡಗಿದಾಗ ಮತ್ತೆ ಅವರ ಮುಂದೆ ನಿಲ್ಲಲು ಮಾವನಿಗೆ ಮನಸ್ಸಾಗಲಿಲ್ಲ. ಹಲವು ತಿಂಗಳು ಸ್ಲೇಟು, ಬಳಪ ಹಿಡಿದು ಕಾಲ ಹಾಕಿದರು. ಸ್ಲೇಟಿನಲ್ಲಿ ಜಗಳ ಮಾಡಲಿಕ್ಕಾಗುವುದಿಲ್ಲ ಎಂಬುದೇ ಅವರ ದೊಡ್ಡ ದೂರು. ಬರೆದು ಮುಗಿಸುವಷ್ಟರಲ್ಲಿ ಎದುರಿನವರ ಸಿಟ್ಟು ಇಳಿದಿರುತ್ತಿತ್ತಂತೆ.

ಇಬ್ಬರು ಗೆಳೆಯರು

ಇದೇ ಕಷ್ಟವನ್ನು ಬೆಂಗಳೂರಿನಲ್ಲಿ ಒಬ್ಬ ವೈದ್ಯರು ಮೇಜಿನ ಇನ್ನೊಂದು ಬದಿಯಿಂದ ನೋಡುತ್ತಿದ್ದರು. ಎಚ್‌ಸಿಜಿ ಆಸ್ಪತ್ರೆಯಲ್ಲಿ ತಲೆ, ಕತ್ತಿನ ಕ್ಯಾನ್ಸರಿನ ಶಸ್ತ್ರಚಿಕಿತ್ಸಕರಾದ ಡಾ. ವಿಶಾಲ್ ರಾವ್. ದುಡ್ಡಿಲ್ಲದ ರೋಗಿ ಬಂದರೆ ಔಷಧದವರ ಹತ್ತಿರ ರಿಯಾಯಿತಿ ಕೇಳುವುದು, ದಾನಿಗಳನ್ನು ಹುಡುಕುವುದು ಅವರಿಗೆ ಅಭ್ಯಾಸವಾಗಿತ್ತು. ಕೋಲಾರದ ಕಡೆಯಿಂದ ಬಂದ ಒಬ್ಬ ಬಡ ರೋಗಿಯ ವಿಷಯದಲ್ಲೂ ಅದೇ ದಾರಿ ಹಿಡಿದಾಗ, ಕೈಗಾರಿಕೆಯ ಅನುಭವವಿದ್ದ ಗೆಳೆಯ ಶಶಾಂಕ್ ಮಹೇಶ್ ಒಂದು ಪ್ರಶ್ನೆ ಹಾಕಿದರು: ಊರವರನ್ನೆಲ್ಲ ಕೇಳುವ ಬದಲು ನೀವೇ ಯಾಕೆ ಒಂದು ಮಾಡಬಾರದು? ವೈದ್ಯರಿಗೆ ಗಂಟಲು ಗೊತ್ತು, ಅಚ್ಚು ಗೊತ್ತಿಲ್ಲ. ಗೆಳೆಯರಿಗೆ ಅಚ್ಚು ಗೊತ್ತು, ಗಂಟಲು ಗೊತ್ತಿಲ್ಲ. ಸುಮಾರು ಎರಡು ವರ್ಷ ಇಬ್ಬರೂ ಕೂಡಿ ದುಡಿದ ಮೇಲೆ ಹೊರಬಂದದ್ದು 'ಓಂ' ಹೆಸರಿನ ಧ್ವನಿ ಕವಾಟ. ಮೊದಲ ನಾದದ ಹೆಸರನ್ನೇ ಅದಕ್ಕಿಟ್ಟರು. ಆಗ ಅದರ ಬೆಲೆ 50 ರೂಪಾಯಿ. ಮಾವನ ಕತ್ತಿನಲ್ಲಿ ಈಗ ಕೂತಿರುವುದೂ ಅದೇ. 2015ರ ಹೊತ್ತಿಗೆ ಪತ್ರಿಕೆಗಳಲ್ಲಿ ಈ ಸುದ್ದಿ ಬಂದಾಗ ಸೊನ್ನೆ ಬಿಟ್ಟುಹೋಗಿದೆ ಎಂದುಕೊಂಡವರಲ್ಲಿ ನಾನೂ ಒಬ್ಬ.

ಇಂಥ ಜೋಡಿಗಳ ಕೆಲಸದಲ್ಲಿ ಮೊದಲು ಎಡವುವುದು ಭಾಷೆಯಲ್ಲಿ. "ಕವಾಟ ಸ್ವಲ್ಪ ಮೆತ್ತಗಿರಲಿ" ಎನ್ನುವುದು ವೈದ್ಯರ ಮಾತು. "ಸ್ವಲ್ಪ ಎಂದರೆ ಎಷ್ಟು?" ಎನ್ನುವುದು ಎಂಜಿನಿಯರಿನ ಮಾತು. ಸಿಲಿಕೋನಿನ ಮೆದುತನಕ್ಕೂ ಅಳತೆಯಿದೆ, ಅಂಕಿ ಹೇಳದೆ ಅಚ್ಚು ಏಳುವುದಿಲ್ಲ. ಬಾಗಿಲು ಬಿಗಿಯಾದರೆ ಬಡಕಲು ರೋಗಿ ದಮ್ಮು ಕಟ್ಟಿ ಮಾತಾಡಬೇಕು. ಸಡಿಲಾದರೆ ಸಾರು ಸೋರುತ್ತದೆ. ರೋಗಿಯ ಕೆಮ್ಮನ್ನು ಅಂಕಿಗೆ ಇಳಿಸಿ, ಅಂಕಿಯನ್ನು ಮತ್ತೆ ರೋಗಿಯ ಮಾತಿಗೆ ಏರಿಸುವುದೇ ಈ ಕಸುಬಿನ ಗುಟ್ಟು. ಅದಕ್ಕೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿರಬೇಕು. ಪತ್ರ ವ್ಯವಹಾರದಲ್ಲಿ ಆಗುವ ಕೆಲಸವಲ್ಲ.

ವಿಯೆನ್ನಾದಿಂದ ತಿರುವನಂತಪುರಕ್ಕೆ

ಕತೆ ಹಳೆಯದು. ಕ್ಯಾನ್ಸರಿಗಾಗಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದ ಮೊದಲ ಶಸ್ತ್ರಚಿಕಿತ್ಸೆ 1873ರ ಕೊನೆಯಲ್ಲಿ ವಿಯೆನ್ನಾದಲ್ಲಿ ನಡೆಯಿತು. ಮಾಡಿದವರು ಥಿಯೋಡರ್ ಬಿಲ್ರೋತ್. ಅವರ ಸಹಾಯಕ ಕಾರ್ಲ್ ಗುಸೆನ್‌ಬಾವರ್ ಆ ರೋಗಿಗೆ ಲೋಹದ ನಾಲಗೆಯಿದ್ದ ಕೃತಕ ಧ್ವನಿಪೆಟ್ಟಿಗೆ ಮಾಡಿಕೊಟ್ಟರು. ಹಾರ್ಮೋನಿಯಂನಲ್ಲಿ ಸ್ವರ ಹುಟ್ಟುವ ಹಾಗೆ. ಈಗಿನ ಬಗೆಯ ಪುಟ್ಟ ಕವಾಟಕ್ಕೆ ದಾರಿಯಾದದ್ದು ಇನ್ನೂ ನೂರು ವರ್ಷ ಕಳೆದ ಮೇಲೆ, 1980ರಲ್ಲಿ. ಅಮೆರಿಕದ ಶಸ್ತ್ರವೈದ್ಯ ಮಾರ್ಕ್ ಸಿಂಗರ್, ವಾಕ್ ತಜ್ಞ ಎರಿಕ್ ಬ್ಲಾಮ್ ಸೇರಿ ಅದನ್ನು ಬಳಕೆಗೆ ತಂದರು. ಅಲ್ಲೂ ಜೋಡಿಯೇ.

ನಮ್ಮ ದೇಶದಲ್ಲಿ ಈ ಮಾತು ಬಂದರೆ ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದು, ಕೊನೆಗೆ 2024ರಲ್ಲಿ ಮಣಿಪಾಲದಲ್ಲೇ ಕಣ್ಣುಮುಚ್ಚಿದ ಕಾರಣ ಅವರು ನಮ್ಮವರೂ ಹೌದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿದ್ದಾಗ ಎಂಜಿನಿಯರ್ ಜಿ.ಎಸ್. ಭುವನೇಶ್ವರ್ ಮತ್ತು ಸಂಗಡಿಗರೊಂದಿಗೆ ಹೃದಯದ ಕೃತಕ ಕವಾಟ ಕಟ್ಟಲು ಕೂತರು. ಹೃದಯದ ಬಾಗಿಲು ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಸಲ ತೆರೆದು ಮುಚ್ಚಬೇಕು. ಮೊದಲ ಮೂರು ಮಾದರಿಗಳು ಒಂದಾದ ಮೇಲೊಂದು ಸೋತವು. ಒಂದರಲ್ಲಿ ನೀಲಮಣಿಯ ಬಿಲ್ಲೆ ಬಳಸಿದ್ದರು, ಕುರಿಯ ಎದೆಯಲ್ಲಿ ಅದು ಒಡೆಯಿತು. ನಾಲ್ಕನೆಯದರಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಹಾಕಿದರು, ಅದು ನಿಂತಿತು. 1990ರ ಡಿಸೆಂಬರಿನಲ್ಲಿ ಮೊದಲ ರೋಗಿಯ ಎದೆಗೆ ಏರಿದ ಆ ಕವಾಟ ಈಗ ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಬಡಿದಿದೆ. ಮೂರು ಸಲ ಸೋತಾಗಲೂ ವೈದ್ಯರು ಎಂಜಿನಿಯರನ್ನು ದೂರಲಿಲ್ಲ, ಎಂಜಿನಿಯರು ಎದ್ದು ಹೋಗಲಿಲ್ಲ. ನನಗೆ ಕವಾಟಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ಬೆಂಗಳೂರಿನಲ್ಲಿ ಇನ್ನೊಂದು ಉದಾಹರಣೆಯಿದೆ. ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ಕಿರಿಯ ವೈದ್ಯರಾಗಿದ್ದ ಡಾ. ಜಗದೀಶ್ ಚತುರ್ವೇದಿ, ಹಳ್ಳಿಗಳ ಶಿಬಿರಗಳಲ್ಲಿ ತಲೆಗೆ ದೀಪ ಕಟ್ಟಿಕೊಂಡು ಪುಟ್ಟ ಕನ್ನಡಿಯಲ್ಲಿ ಗಂಟಲು ಇಣುಕುವ ಪಾಡು ಕಂಡು, ವಿನ್ಯಾಸಕಾರರೊಂದಿಗೆ ಸೇರಿ ಕೈಯಲ್ಲಿ ಹಿಡಿದು ಒಯ್ಯುವಂಥ ಎಂಡೋಸ್ಕೋಪ್ ಕ್ಯಾಮೆರಾ ಮಾಡಿದರು. ಅದರ ಹೆಸರು ಎಂಟ್ರಾವ್ಯೂ. ಏಜೆಂಟ್ ಮಾವನ ದನಿ ಮೊದಲು ಒಡೆದ ದಿನ ಅಂಥದ್ದೊಂದು ಹತ್ತಿರದಲ್ಲಿ ಇದ್ದಿದ್ದರೆ ಎಂದು ಅನ್ನಿಸದೆ ಇರುವುದಿಲ್ಲ. 2020ರ ಕೋವಿಡ್ ಕಾಲದಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಹಿಡಿದು ಬಿಇಎಲ್ ಕಾರ್ಖಾನೆ 30,000 ವೆಂಟಿಲೇಟರುಗಳನ್ನು ಕಟ್ಟಿದ್ದನ್ನೂ ಮರೆಯುವಂತಿಲ್ಲ. ಮನಸ್ಸು ಮಾಡಿದರೆ ನಮ್ಮ ನಾಡಿನಲ್ಲಿ ಕೈಗಳಿಗೆ ಕೊರತೆಯಿಲ್ಲ.

ಮೂರನೆಯ ಮನುಷ್ಯ

ಆದರೆ ಬೆಂಗಳೂರಿಗೂ ನಮ್ಮ ಕಡೆಯ ಜಗಳೂರಿಗೂ ನಡುವೆ ಒಂದು ಇಡೀ ರಾತ್ರಿಯ ದಾರಿಯಿದೆ. ಕವಾಟಕ್ಕೆ 50 ರೂಪಾಯಿ ಸರಿ, ಬಸ್ ಚಾರ್ಜಿಗೆ? ಜೊತೆಗೆ ಹೋಗುವವರ ಎರಡು ದಿನದ ಕೂಲಿಗೆ? ಕವಾಟ ಬದಲಿಸುವುದು ಬಲ್ಲವರ ಕೈಯಲ್ಲಿ ಕೆಲವು ನಿಮಿಷದ ಕೆಲಸ, ಆಪರೇಷನ್ ಏನೂ ಬೇಡ. ಹೊಸ ಕವಾಟದಲ್ಲಿ ಮಾತು ಕಲಿಸುವುದಕ್ಕೆ ವಾಕ್ ಚಿಕಿತ್ಸಕರು ಬೇಕು. ಅಂಥವರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲೇ ಇದೆ. ವೈದ್ಯ, ಎಂಜಿನಿಯರ್ ಇಬ್ಬರ ಜೊತೆಗೆ ತಾಲ್ಲೂಕಿನಲ್ಲಿ ನಿಲ್ಲುವ ಈ ಮೂರನೆಯ ಮನುಷ್ಯ ಇಲ್ಲದಿದ್ದರೆ ಸಾಧನ ಎಷ್ಟು ಅಗ್ಗವಾದರೂ ದೂರವೇ.

ದಾವಣಗೆರೆಯಲ್ಲಿ 1951ರಿಂದ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿದೆ, 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜಿದೆ. ಬೆಣ್ಣೆದೋಸೆ ಹೋಟೆಲುಗಳಲ್ಲಿ ಎರಡೂ ಕಡೆಯ ಹುಡುಗರು ಅಕ್ಕಪಕ್ಕದ ಮೇಜಿನಲ್ಲೇ ಕೂತಿರುತ್ತಾರೆ. ಮೇಜು ಒಂದಾದರೆ ಸಾಕಲ್ಲ ಎಂಬುದು ನನ್ನ ಆಸೆ. ಕೇಳಲು ಪ್ರಶ್ನೆಗಳು ಬೇಕಾದಷ್ಟಿವೆ. ಚನ್ನಗಿರಿ ನಮ್ಮ ಅಡಿಕೆಯ ಕಣಜ. ತೋಟದ ದುಡ್ಡಿನಲ್ಲಿ ಓದಿದವನು ನಾನು, ಬರೆಯುವಾಗ ಕೈ ತಡೆಯುತ್ತದೆ. ಆದರೂ ಅಡಿಕೆ ಅಗಿಯುವುದು ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಧ್ವನಿಪೆಟ್ಟಿಗೆಗೆ ಬೀಡಿ, ಸಿಗರೇಟು, ಹೆಂಡ ದೊಡ್ಡ ಶತ್ರುಗಳಾದರೆ, ಬಾಯಿಗೆ ಅಡಿಕೆ, ತಂಬಾಕಿನ ಜೋಡಿ. ಬಾಯಿ ತೆರೆಯಲಾಗದ ಹುಡುಗರಿಗೆ, ದನಿ ಕಳೆದುಕೊಂಡ ಹಿರಿಯರಿಗೆ ಬೇಕಾದ ಸಾಧನಗಳ ಪಟ್ಟಿ ಇಲ್ಲಿನ ಹಳ್ಳಿಗಳಲ್ಲೇ ಸಿಗುತ್ತದೆ.

ಹೊರಡುವ ಹೊತ್ತಿಗೆ ಮಾವ ಬಸ್ಸಿನ ತನಕ ಬಿಡಲು ಬಂದರು. ಈಗ ಆ ನಿಲ್ದಾಣದಲ್ಲಿ ಏಜೆಂಟರು ಕೂಗುವುದಿಲ್ಲ. ಕಂಬಕ್ಕೆ ಕಟ್ಟಿದ ಸ್ಪೀಕರಿನಿಂದ ಹೆಣ್ಣುದನಿಯೊಂದು, ಮೊದಲೇ ಮುದ್ರಿಸಿಟ್ಟದ್ದು, ಊರುಗಳ ಹೆಸರನ್ನು ಒಂದೇ ಹದದಲ್ಲಿ ಹೇಳುತ್ತದೆ. ನಾವಿಬ್ಬರೂ ನಿಂತು ಕೇಳಿದೆವು. ನ್ಯಾಮತಿ ಬಂತು, ಸವಳಂಗ ಬಂತು, ಶಿಕಾರಿಪುರ ಬಂತು. ಮಾವನ ಎಡಗೈ ಟವೆಲ್ಲಿನ ಕಡೆ ಹೋಯಿತು. ಹೆಬ್ಬೆರಳು ಒತ್ತಿ, ನನ್ನ ಕಡೆ ಬಾಗಿ ಹೇಳಿದರು:

"ಸುರಹೊನ್ನೆ ಬಿಟ್ಳು."