ಮಿರರ್ ಮಾಡಿದ ಜೀರುಂಡೆ ಹಾಡುವುದಿಲ್ಲ

ವಿಜ್ಞಾನದ ಚಿತ್ರಗಳಿಗೆ ಬೇಕಾದ ಕೀಟದ ಡಿಜಿಟಲ್ ಮಾದರಿ ಎಂದರೆ ಈಗ ಸ್ಕ್ಯಾನರಿನ ಕೆಲಸ, ಕೀಟ ಇಟ್ಟು ಗುಂಡಿ ಒತ್ತಿದರೆ ಆಯಿತು ಎಂದುಕೊಂಡವರು ಬಹಳ. ಮೈಕ್ರೊ ಸಿ.ಟಿ. ಯಂತ್ರ ಕೀಟವನ್ನು ಸುತ್ತ ತಿರುಗಿಸಿ ನೂರಾರು ಎಕ್ಸ್‌ರೇ ತೆಗೆಯುತ್ತದೆ, ಕಂಪ್ಯೂಟರು ಅವುಗಳಿಂದ ಆಕಾರ ಕಟ್ಟುತ್ತದೆ, ನಿಜ. ಆದರೆ ಕೈಗೆ ಸಿಗುವುದು ಕೀಲುಗಳೇ ಇಲ್ಲದ ಮುದ್ದೆ. ಮೆತ್ತನೆಯ ಅಂಗಗಳು ಎಕ್ಸ್‌ರೇಯಲ್ಲಿ ಸರಿಯಾಗಿ ಮೂಡುವುದಿಲ್ಲ, ಅದಕ್ಕಾಗಿ ಕೀಟವನ್ನು ಮೊದಲೇ ಅಯೋಡಿನ್‌ನಲ್ಲಿ ನೆನೆಸುತ್ತಾರೆ. ಒಣಗಿಸಿ ಸೂಜಿ ಚುಚ್ಚಿಟ್ಟ ಕೀಟವಾದರೆ ಹೊಟ್ಟೆ ಕುಗ್ಗಿ, ಕಾಲು ಮುದುಡಿರುತ್ತದೆ.

ಕೀಲು ಕೂಡಿಸುವ ಕೆಲಸಕ್ಕೊಂದು ಉದಾಹರಣೆ ನೋಡಿ. ಅಮೆರಿಕದ ಜೆನಿಲಿಯಾ ಸಂಶೋಧನಾ ಕೇಂದ್ರ ಮತ್ತು ಗೂಗಲ್ ಡೀಪ್‌ಮೈಂಡ್ ಸೇರಿ ಕಟ್ಟಿದ ಹಣ್ಣುನೊಣದ ಮಾದರಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೂಕ್ಷ್ಮದರ್ಶಕದ ಚಿತ್ರಗಳಿಂದ ಪಡೆದ ಆಕಾರವನ್ನು 67 ಭಾಗಗಳಾಗಿ ಬಿಡಿಸಿ, 66 ಕೀಲುಗಳಿಂದ ಜೋಡಿಸಿದ್ದಾರೆ. ಯಾವ ಕೀಲು ಎತ್ತ ಬಾಗುತ್ತದೆ ಎಂದು ತೀರ್ಮಾನಿಸಲು ನೊಣದ ಅಂಗರಚನೆ ತಿಳಿದಿರಲೇಬೇಕು.

ಇನ್ನೊಂದು ನಂಬಿಕೆ: ಕೀಟದ ಎಡ, ಬಲ ಎರಡೂ ಒಂದೇ, ಅರ್ಧ ಮೈ ಮಾಡಿ ಅದನ್ನೇ ಮಿರರ್ ಮಾಡಿದರೆ, ಅಂದರೆ ಕನ್ನಡಿಯ ಬಿಂಬದಂತೆ ಮಗುಚಿ ಇನ್ನೊಂದು ಬದಿಗೆ ಇಟ್ಟರೆ ಸಾಕು. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಇದು ಕ್ಲಿಕ್ಕಿನ ಕೆಲಸ. ನನ್ನ ಪ್ರಕಾರ ದೊಡ್ಡ ತಪ್ಪುಗಳು ನುಸುಳುವುದೂ ಇಲ್ಲೇ. ಅಡುಗೆಮನೆಯ ಜಿರಳೆಯನ್ನೇ ಗಮನಿಸಿ, ಸಾಮಾನ್ಯವಾಗಿ ಎಡ ರೆಕ್ಕೆ ಬಲದ ಮೇಲೆ ಮಲಗಿರುತ್ತದೆ. ರಾತ್ರಿ ಮೂಲೆಯಲ್ಲಿ ಕಿರ್ರೆನ್ನುವ, ಕ್ರಿಕೆಟ್ ಎಂದು ಕರೆಯುವ ಜೀರುಂಡೆಯ ಗಂಡಿನಲ್ಲಿ ಹೆಚ್ಚಾಗಿ ಬಲ ರೆಕ್ಕೆಯೇ ಮೇಲೆ. ಅದರ ಬಂಧುವಾದ, ಎಲೆಯಂತೆ ಕಾಣುವ ಕೇಟಿಡಿಡ್‌ನಲ್ಲಿ ಎಡ ರೆಕ್ಕೆ ಮೇಲೆ. ಮೇಲಿನ ರೆಕ್ಕೆಯ ಅಡಿಯಲ್ಲಿ ಸೂಕ್ಷ್ಮ ಹಲ್ಲುಗಳ ಸಾಲು, ಕೆಳಗಿನದರ ಅಂಚಿನಲ್ಲಿ ಆ ಸಾಲನ್ನು ಮೀಟುವ ಗಡಸು ಭಾಗ. ಎರಡೂ ಉಜ್ಜಿದಾಗಲೇ ಸದ್ದು. ಮಿರರ್ ಮಾಡಿದ ಮಾದರಿಯಲ್ಲಿ ರೆಕ್ಕೆಗಳು ಒಂದರೊಳಗೊಂದು ಹೊಕ್ಕುಬಿಡುತ್ತವೆ. ಕಲಾವಿದರು ಅವನ್ನು ತುಸು ಕಿರಿದು ಮಾಡಿ ನಡುಗೆರೆಯಲ್ಲಿ ಜೋಡಿಸುತ್ತಾರೆ. ನೋಡಲು ಅಚ್ಚುಕಟ್ಟು, ಆದರೆ ಅಂಥ ಜೀರುಂಡೆ ಸದ್ದೇ ಮಾಡಲಾರದು. ಪ್ರಭೇದ ಗುರುತಿಸಲು ತಜ್ಞರು ಆ ಹಲ್ಲುಗಳ ಸಾಲನ್ನೂ ಪರೀಕ್ಷಿಸುತ್ತಾರೆ, ಆದ್ದರಿಂದ ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ.

ಜೇನುನೊಣದ್ದು ಬೇರೆಯೇ ಕಥೆ. ತಲೆ, ಎದೆ, ಹೊಟ್ಟೆ ಎಂದು ಶಾಲೆಯಲ್ಲಿ ಕಲಿತ ನಾವು, ಸಣ್ಣ ನಡು ಇರುವಲ್ಲಿ ಎದೆ ಮುಗಿದು ಹೊಟ್ಟೆ ಶುರುವಾಗುತ್ತದೆ ಎಂದುಕೊಳ್ಳುತ್ತೇವೆ. ಜೇನು, ಕಣಜ, ಇರುವೆಗಳಲ್ಲಿ ಹೊಟ್ಟೆಯ ಮೊದಲ ಖಂಡ ಎದೆಗೇ ಬೆಸೆದುಕೊಂಡಿದೆ; ನಡು ಇರುವುದು ಅದರಾಚೆ. ಆರೂ ಕಾಲುಗಳು ಎದೆಯಿಂದಲೇ ಹೊರಡುತ್ತವೆ, ಹೊಟ್ಟೆಗೆ ಒಂದೂ ಇಲ್ಲ. ರೆಕ್ಕೆಗಳು ನಾಲ್ಕು. ಹಾರುವಾಗ ಹಿಂದಿನ ರೆಕ್ಕೆಯ ಅಂಚಿನ ಪುಟ್ಟ ಕೊಕ್ಕೆಗಳು ಮುಂದಿನದರ ಮಡಿಕೆಗೆ ಸಿಕ್ಕಿಕೊಳ್ಳುವುದರಿಂದ ಎರಡೇ ಇದ್ದಂತೆ ಕಾಣುತ್ತವೆ. ಕೆಲಸಗಾರ ನೊಣದ ಮೀಸೆಯಲ್ಲಿ 12 ಖಂಡ, ಗಂಡಿನದರಲ್ಲಿ 13. ಗಂಡಿಗೆ ಮುಳ್ಳಿಲ್ಲ, ಪರಾಗ ತುಂಬುವ ಬುಟ್ಟಿಯೂ ಇಲ್ಲ. ಹೀಗಾಗಿ ‘ಸಾಮಾನ್ಯ ಜೇನುನೊಣ’ದ ಮಾದರಿ ಎಂಬುದೇ ಇರಲು ಸಾಧ್ಯವಿಲ್ಲ. ತುಡುವೆಯೋ ಹೆಜ್ಜೇನೋ, ಗಂಡೋ ಕೆಲಸಗಾರ ನೊಣವೋ, ಮೊದಲು ನಿರ್ಧಾರವಾಗಬೇಕು.

ಸತ್ತ ಕೀಟದ ಬಣ್ಣ ನಂಬುವಂತಿಲ್ಲ ಎನ್ನುವುದು ಅರ್ಧ ಸತ್ಯ. ಏರೋಪ್ಲೇನ್ ಚಿಟ್ಟೆಯ ಬಣ್ಣ ಬೇಗ ಮಾಸುತ್ತದೆ. ಜೀರ್ಜಿಂಬೆಯ ಹಸಿರು ಹೊಳಪು ಮಾತ್ರ ದಶಕಗಳಾದರೂ ಉಳಿಯುತ್ತದೆ, ಏಕೆಂದರೆ ಅದು ಹೊರಕವಚದ ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವ ಬಣ್ಣ. ಮಾದರಿಗೆ ಒಂದೇ ಹಸಿರು ಬಳಿದರೆ ಸಾಲದು, ನೋಡುವ ಕೋನ ಬದಲಾದಂತೆ ಅದೂ ಬದಲಾಗಬೇಕು.

ಮಾದರಿಯ ಮೇಲ್ಮೈ ಕಟ್ಟುವ ಪುಟ್ಟ ತುಣುಕುಗಳಾದ ಪಾಲಿಗನ್ ಹೆಚ್ಚಿದಷ್ಟೂ ನಿಖರತೆ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಖಂಡಗಳ ಎಣಿಕೆ ತಪ್ಪಿದ ಮೀಸೆಗೆ ಲಕ್ಷ ಪಾಲಿಗನ್ ಸುರಿದರೂ ಅದು ತಪ್ಪು ಮೀಸೆಯೇ.

ಮಾದರಿ ಮಾಡುವವರಲ್ಲಿ ಒಂದು ವಿನಂತಿ. ಅಂತರ್ಜಾಲದ ಚಿತ್ರ ನಂಬಿ ಕೂರಬೇಡಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲಿ ಕೀಟ ಸಂಗ್ರಹಗಳಿವೆ, ಅಲ್ಲಿನ ತಜ್ಞರನ್ನು ಕೇಳಿ. ಮಾದರಿಯ ಜೊತೆಗೆ ಪ್ರಭೇದ, ಲಿಂಗ, ಸಂಗ್ರಹದ ಸಂಖ್ಯೆ ಬರೆಯಿರಿ. ಯಾವ ಭಾಗ ಸ್ಕ್ಯಾನಿನಿಂದ ಬಂತು, ಯಾವುದನ್ನು ಊಹಿಸಿ ತುಂಬಿದಿರಿ ಎಂಬುದನ್ನೂ ತಪ್ಪದೆ ದಾಖಲಿಸಿ.